ಕೀಲು, ಅಗುಳಿ ಮತ್ತು ಅಲಗು

ಚಾಕು ಎಂದೊಡನೆ ಎರಡು ಚಿತ್ರಗಳು ಕಣ್ಣ ಮುಂದೆ ಬರುತ್ತವೆ. ಒಂದು ಹಣ್ಣು ಹೆಚ್ಚುವ ಚಾಕು, ಇನ್ನೊಂದು ಸಿನಿಮಾದ ಖಳನಾಯಕ ‘ಖಟಕ್’ ಎಂದು ಬಿಚ್ಚುವ ಚಾಕು. ಹಿಡಿಯೊಳಗೆ ಅಡಗಿ ಕೂತಿದ್ದ ಅಲಗು ಒಮ್ಮೆಲೇ ಹೊರಬಂದು ಗಟ್ಟಿಯಾಗಿ ನಿಲ್ಲುವ ಆ ಸದ್ದಿಗೆ ಪ್ರೇಕ್ಷಕ ಬೆಚ್ಚುತ್ತಾನೆ. ಆದರೆ ನಮ್ಮ ನಾಡಿನಲ್ಲಿ ಅತಿ ಹೆಚ್ಚು ಬಳಕೆಯಾದ ಮಡಿಚುವ ಅಲಗು ಇವೆರಡೂ ಅಲ್ಲ. ಅದು ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿರುತ್ತದೆ. ಅದರ ಹೆಸರು ಈಳಿಗೆ. ಅದನ್ನು ಯಾರೂ ಚಾಕು ಎಂದು ಕರೆಯುವುದಿಲ್ಲ, ಆದ್ದರಿಂದಲೇ ಚಾಕುಗಳ ಇತಿಹಾಸ ಬರೆಯುವವರ ಕಣ್ಣಿಗೂ ಅದು ಬೀಳುವುದು ಅಪರೂಪ.

ನಿಪ್ಪಾಣಿ ಸೀಮೆಯ ಅಕ್ಕೋಳದಂಥ ಊರುಗಳನ್ನು ತೆಗೆದುಕೊಳ್ಳಿ. ಕನ್ನಡ, ಮರಾಠಿ ಎರಡೂ ಒಂದೇ ಓಣಿಯಲ್ಲಿ ಕೇಳಿಬರುವ, ತಂಬಾಕು ಮತ್ತು ಕಬ್ಬಿನ ಸೀಮೆ ಇದು. ಇಲ್ಲಿನ ಮನೆಗಳಲ್ಲಿ ಕೀಲಿನ ಮೇಲೆ ತಿರುಗುವ ಅಲಗುಗಳು ಮೂರು ಬಗೆಯಲ್ಲಿ ಸಿಗುತ್ತವೆ. ಅಡುಗೆಮನೆಯಲ್ಲಿ ಈಳಿಗೆ, ಹಿರಿಯರ ಚಂಚಿಯಲ್ಲಿ ಅಡಕೊತ್ತು, ಬೀಡಿ ಕಟ್ಟುವ ಹೆಂಗಸರ ಮೊರದಲ್ಲಿ ಕತ್ತರಿ. ಮೂರಕ್ಕೂ ಜೀವಾಳ ಒಂದೇ, ಒಂದು ಸಣ್ಣ ಕೀಲು. ಅಲಗನ್ನು ತಿರುಗಲು ಬಿಡುವುದು ಆ ಕೀಲಿನ ಕೆಲಸ. ತಿರುಗಬಾರದ ಹೊತ್ತಿನಲ್ಲಿ ಅದನ್ನು ತಡೆಯುವುದು ಹೇಗೆ ಎಂಬುದೇ ಮಡಿಚುವ ಅಲಗಿನ ಇಡೀ ಇತಿಹಾಸ.

ಎರಡೂವರೆ ಸಾವಿರ ವರ್ಷದ ಸಮಸ್ಯೆ

ಅಲಗನ್ನು ಮಡಿಚಬೇಕೆಂದು ಮನುಷ್ಯನಿಗೆ ಏಕೆ ಅನಿಸಿತು? ಉತ್ತರ ಸರಳ. ಹರಿತವಾದದ್ದನ್ನು ಮೈಮೇಲೆ ಹೊತ್ತು ನಡೆಯುವುದು ಅಪಾಯ. ಅದಕ್ಕೆ ಒಂದು ದಾರಿ ಒರೆ, ಇನ್ನೊಂದು ದಾರಿ ಹಿಡಿಯನ್ನೇ ಒರೆಯಾಗಿ ಮಾಡುವುದು. ಎರಡನೆಯ ದಾರಿ ಹಿಡಿದವರ ಅತಿ ಹಳೆಯ ಸಾಕ್ಷ್ಯಗಳಲ್ಲಿ ಒಂದು ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕಿದೆ. ಮೂಳೆಯ ಹಿಡಿಯ ಆ ಚಾಕುವಿನ ಕಾಲ ಸುಮಾರು ಕ್ರಿ.ಪೂ. 600ರಿಂದ 500. ರೋಮನ್ನರ ಕಾಲಕ್ಕೆ ಈ ವಿದ್ಯೆ ಸಾಕಷ್ಟು ಮುಂದುವರಿದಿತ್ತು. ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ಕ್ರಿ.ಶ. 3ನೆಯ ಶತಮಾನದ ಬೆಳ್ಳಿಯ ಸಾಧನವೊಂದಿದೆ. ಅದರಲ್ಲಿ ಕಬ್ಬಿಣದ ಅಲಗು, ಚಮಚ, ಮುಳ್ಳುಚಮಚ, ಕಡ್ಡಿ ಎಲ್ಲವೂ ಮಡಿಚಿಕೊಳ್ಳುತ್ತವೆ. ಸ್ವಿಸ್ ಸೈನಿಕರ ಚಾಕುವಿಗೆ ಅದು ಸುಮಾರು ಹದಿನಾರು ಶತಮಾನಗಳಷ್ಟು ಹಿರಿಯ ಅಣ್ಣ.

ಈ ಹಳೆಯ ಚಾಕುಗಳಿಗೆ ಅಗುಳಿ ಇರಲಿಲ್ಲ. ಕೀಲಿನ ಬಿಗಿತವೇ ಅಲಗನ್ನು ಹಿಡಿದಿಡುತ್ತಿತ್ತು. ಇದು ಅಷ್ಟೇನೂ ದಡ್ಡತನವಲ್ಲ. ಮಡಿಚುವ ಚಾಕುವಿನ ಹರಿತವಾದ ಬಾಯಿ ಹಿಡಿಯ ಕಡೆಗೆ ಮುಖಮಾಡಿ ಒಳಗೆ ಸೇರುತ್ತದೆ. ಏನನ್ನಾದರೂ ಕೊಯ್ಯುವಾಗ ಒತ್ತಡ ಬೀಳುವುದೂ ಬಾಯಿಯ ಮೇಲೆಯೇ. ಅಂದರೆ ಕೊಯ್ಯುವ ಒತ್ತಡ ಚಾಕುವನ್ನು ಮುಚ್ಚುವುದಿಲ್ಲ, ಇನ್ನಷ್ಟು ತೆರೆಯುತ್ತದೆ. ಹಿಂಬದಿಯಲ್ಲಿ ಒಂದು ತಡೆ ಇದ್ದರೆ ಸಾಕು, ಅಲಗು ಅಲ್ಲಿಗೆ ಆತುಕೊಂಡು ನಿಲ್ಲುತ್ತದೆ. ಅಪಾಯ ಬರುವುದು ಒತ್ತಡ ತಿರುಗಿದಾಗ. ಅಲಗಿನ ಮೊನೆಯಿಂದ ಚುಚ್ಚಿ ತೂತು ಕೊರೆಯುವಾಗ, ಗಟ್ಟಿ ಕಟ್ಟಿಗೆಯಲ್ಲಿ ಸಿಕ್ಕಿಕೊಂಡ ಅಲಗನ್ನು ಹಿಂದಕ್ಕೆ ಕೀಳುವಾಗ, ಅಥವಾ ಅಲಗಿನ ಬೆನ್ನಿಗೆ ಏನಾದರೂ ಬಡಿದಾಗ ಅದು ಮಡಿಚಿಕೊಳ್ಳುತ್ತದೆ. ಆಗ ನಡುವೆ ಸಿಕ್ಕುವುದು ಹಿಡಿ ಹಿಡಿದವರ ಬೆರಳು.

ಅಗುಳಿಯ ಹುಡುಕಾಟ ಶುರುವಾದದ್ದು ಈ ಬೆರಳುಗಳನ್ನು ಉಳಿಸಲು. ಜನರ ಮನಸ್ಸಿನಲ್ಲಿ ಮಾತ್ರ ಅಗುಳಿ ಇರುವ ಚಾಕು ಎಂದರೆ ಇರಿಯುವ ಚಾಕು ಎಂದೇ ಉಳಿದುಬಿಟ್ಟಿದೆ. ಕೈಯನ್ನು ಕಾಯುವ ಸಾಧನವೇ ಅನುಮಾನಕ್ಕೆ ಕಾರಣವಾದ ವಿಚಿತ್ರವಿದು.

ಅಗುಳಿಯ ಅವತಾರಗಳು

ಮೊದಲ ಸುಧಾರಣೆ ಬೆನ್ನಿನ ಸ್ಪ್ರಿಂಗು. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಕುಶಲಕರ್ಮಿಗಳು ಹಿಡಿಯ ಬೆನ್ನಿಗೆ ಉಕ್ಕಿನ ಪಟ್ಟಿಯೊಂದನ್ನು ಕೂರಿಸಿ, ಅದು ಅಲಗಿನ ಬುಡವನ್ನು ಒತ್ತುವಂತೆ ಮಾಡಿದರು. ಅಲಗು ಪೂರ್ತಿ ತೆರೆದಾಗ ಮತ್ತು ಪೂರ್ತಿ ಮುಚ್ಚಿದಾಗ ಈ ಪಟ್ಟಿ ಅದನ್ನು ಹಿಡಿದಿಡುತ್ತದೆ, ನಡುವಿನ ಸ್ಥಿತಿಯಲ್ಲಿ ಹಾರಿಸುತ್ತದೆ. ಇದು ಅಗುಳಿಯಲ್ಲ, ಅರ್ಧ ಅಗುಳಿ. ಜೋರಾಗಿ ಒತ್ತಿದರೆ ಸೋಲುತ್ತದೆ. ಕಾರ್ಲ್ ಎಲ್ಸ್‌ನರ್ 1884ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಇಬಾಕ್‌ನಲ್ಲಿ ಕಾರ್ಯಾಗಾರ ತೆರೆದು, 1897ರಲ್ಲಿ ನೋಂದಾಯಿಸಿದ ಅಧಿಕಾರಿಗಳ ಚಾಕು ಕೂಡ ಇದೇ ತತ್ವದ್ದು. ಒಂದೇ ಸ್ಪ್ರಿಂಗು ಎರಡೂ ಬದಿಯ ಅಲಗುಗಳಿಗೆ ದುಡಿಯುವಂತೆ ಮಾಡಿದ್ದು ಅವನ ಜಾಣ್ಮೆ.

ಸ್ಪೇನಿನ ನವಾಹಾ ಎಂಬ ಉದ್ದನೆಯ ಚಾಕುವಿನ ಅಗುಳಿ ಬೇರೆ ಬಗೆಯದು. ಅಲಗಿನ ಬುಡದಲ್ಲಿ ಹಲ್ಲುಗಳನ್ನು ಕಡೆದಿರುತ್ತಾರೆ. ಬೆನ್ನಿನ ಸ್ಪ್ರಿಂಗಿನಲ್ಲಿರುವ ಕಿಂಡಿ ಒಂದೊಂದೇ ಹಲ್ಲನ್ನು ಹಿಡಿಯುತ್ತ ಹೋಗುತ್ತದೆ. ಚಾಕು ಬಿಚ್ಚುವಾಗ ‘ಕರ್ರ್’ ಎಂಬ ಸದ್ದು ಬರುವುದು ಇದರಿಂದ. ಬಾವಿಯ ರಾಟೆ ಹಿಂದಕ್ಕೆ ತಿರುಗದಂತೆ ಹಾಕುವ ಕೊಕ್ಕೆಯ ತತ್ವವೇ ಇಲ್ಲಿಯೂ ಇದೆ. ಮುಚ್ಚಬೇಕಾದರೆ ಸ್ಪ್ರಿಂಗನ್ನು ಮೇಲಕ್ಕೆತ್ತಬೇಕು.

ಫ್ರಾನ್ಸಿನ ಸವಾಯ್ ಪ್ರಾಂತದ ರೈತರ ಚಾಕು ಒಪಿನೆಲ್. ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಈ ಚಾಕುವಿಗೆ ಮರದ ಹಿಡಿ, ಒಂದು ಅಲಗು, ಒಂದು ಕೀಲು ಇಷ್ಟೇ. ಅರವತ್ತೈದು ವರ್ಷ ಅದು ಅಗುಳಿಯಿಲ್ಲದೆ ನಡೆಯಿತು. 1955ರಲ್ಲಿ ಮಾರ್ಸೆಲ್ ಒಪಿನೆಲ್ ಅದರ ಕೊರಳಿಗೆ ಒಂದು ಬಳೆ ತೊಡಿಸಿದ. ಬಳೆಯಲ್ಲಿ ಒಂದು ಸೀಳು. ಸೀಳು ಅಲಗಿನ ನೇರಕ್ಕೆ ಬಂದರೆ ಚಾಕು ಮಡಿಚುತ್ತದೆ. ಬಳೆಯನ್ನು ತುಸು ತಿರುಗಿಸಿದರೆ ದಾರಿ ಮುಚ್ಚಿ ಅಲಗು ಅಲ್ಲಾಡದೆ ನಿಲ್ಲುತ್ತದೆ. ಇದಕ್ಕಿಂತ ಸರಳವಾದ ಅಗುಳಿ ಸಿಗುವುದು ಕಷ್ಟ.

ಅಮೆರಿಕದ ಬಕ್ ಕಂಪೆನಿ 1964ರಲ್ಲಿ ತಂದ 110 ಸಂಖ್ಯೆಯ ಬೇಟೆಗಾರರ ಚಾಕು ಬೆನ್ನಿನ ಅಗುಳಿಯನ್ನು ಜನಪ್ರಿಯಗೊಳಿಸಿತು. ಹಿಡಿಯ ಬೆನ್ನಿನಲ್ಲಿ ತಕ್ಕಡಿಯಂತೆ ತೂಗುವ ಸನ್ನೆಯೊಂದು, ಅದರ ಮೂಗು ಅಲಗಿನ ಬುಡದ ಕಚ್ಚಿಗೆ ಇಳಿದು ಕೂರುತ್ತದೆ. 1980ರ ದಶಕದ ಆರಂಭದಲ್ಲಿ ಮೈಕೆಲ್ ವಾಕರ್ ಎಂಬ ಅಮೆರಿಕನ್ ಕುಶಲಕರ್ಮಿ ಹಿಡಿಯ ಒಳಪಟ್ಟಿಯನ್ನೇ ಅಗುಳಿಯಾಗಿ ರೂಪಿಸಿದ. ಅಲಗು ತೆರೆದೊಡನೆ ತೆಳ್ಳನೆಯ ಪಟ್ಟಿ ಬದಿಯಿಂದ ಸರಿದು ಅದರ ಹಿಂದೆ ನಿಲ್ಲುತ್ತದೆ, ಬಾಗಿಲ ಹಿಂದೆ ಊರುಗೋಲು ಇಟ್ಟ ಹಾಗೆ. ಹೆಬ್ಬೆರಳಿನಿಂದ ಪಟ್ಟಿಯನ್ನು ಸರಿಸಿದರೆ ಒಂದೇ ಕೈಯಲ್ಲಿ ಮುಚ್ಚಬಹುದು. ಫಿಲಿಪ್ಪೀನ್ಸಿನ ಬಾಲಿಸಾಂಗ್ ಚಾಕುವಿಗೆ ಹಿಡಿಯೇ ಎರಡು ಹೋಳು. ಎರಡೂ ಸುತ್ತಿ ಬಂದು ಅಲಗನ್ನು ಮುಚ್ಚುತ್ತವೆ, ಹಿಂದಕ್ಕೆ ಸುತ್ತಿದರೆ ಸೇರಿ ಹಿಡಿಯಾಗುತ್ತವೆ. ಅಲ್ಲಿ ಹಿಡಿದವರ ಮುಷ್ಟಿಯೇ ಅಗುಳಿ.

ರಾಂಪುರದ ಸದ್ದು

ನಮ್ಮ ದೇಶದಲ್ಲಿ ಮಡಿಚುವ ಚಾಕುವಿಗೆ ಹೆಸರಾದ ಊರು ಉತ್ತರ ಪ್ರದೇಶದ ರಾಂಪುರ. ನವಾಬರ ಆಳ್ವಿಕೆಯಲ್ಲಿ ಬೆಳೆದ ಈ ಕಸುಬಿನ ಚಾಕು ಉದ್ದನೆಯ ಕಿರಿದಾದ ಅಲಗಿನದು, ಹಿತ್ತಾಳೆ ಅಥವಾ ಮರದ ಹಿಡಿಯದು. ಬಿಚ್ಚಿದಾಗ ಖಟಕೆ ಹಾಕಿಕೊಂಡು ನಿಲ್ಲುತ್ತದೆ, ಮುಚ್ಚಲು ಗುಂಡಿ ಒತ್ತಬೇಕು. ಹಿಂದಿ ಚಿತ್ರಗಳು ಅದನ್ನು ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನವರೆಗೂ ಪರಿಚಯಿಸಿದವು. 1965ರ ‘ವಕ್ತ್’ ಚಿತ್ರದಲ್ಲಿ ರಾಜ್‌ಕುಮಾರ್ ಚಾಕು ಹಿಡಿದು ಆಡಿದ ಮಾತು ಒಂದು ತಲೆಮಾರಿಗೆ ಬಾಯಿಪಾಠವಾಗಿತ್ತು.

ಆ ಖ್ಯಾತಿಯೇ ಕಸುಬಿಗೆ ಮುಳುವಾಯಿತು. ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿಗೆ ಉತ್ತರ ಪ್ರದೇಶದಲ್ಲಿ ನಿರ್ಬಂಧ ಬಂದಿತು. ದೆಹಲಿ ಆಡಳಿತ 1980ರ ಅಧಿಸೂಚನೆಯಲ್ಲಿ ಗುಂಡಿ ಒತ್ತಿ ತೆರೆಯುವ ಚಾಕುಗಳನ್ನೂ 7.62 ಸೆಂಟಿಮೀಟರಿಗಿಂತ ಉದ್ದದ ಕೆಲವು ಬಗೆಯ ಅಲಗುಗಳನ್ನೂ ಹತೋಟಿಗೆ ತಂದಿತು. ರಾಂಪುರದ ಕುಶಲಕರ್ಮಿಗಳು ಬೇರೆ ಕೆಲಸ ಹುಡುಕಿದರು. 2023ರಲ್ಲಿ ಅದೇ ಊರಿನ ಚೌಕದಲ್ಲಿ ಸುಮಾರು 20 ಅಡಿ ಎತ್ತರದ ಚಾಕುವಿನ ಪ್ರತಿಕೃತಿಯನ್ನು ನಿಲ್ಲಿಸಲಾಯಿತು. ಕಸುಬು ಸೊರಗಿದ ಮೇಲೆ ಅದಕ್ಕೆ ಸ್ಮಾರಕ.

ಇದು ಭಾರತದ ಕಥೆಯಷ್ಟೇ ಅಲ್ಲ. ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿ ಎಂಬ ಅಗ್ಗದ ಮಡಿಚುವ ಚಾಕು ಶಾಲಾ ಮಕ್ಕಳು ಪೆನ್ಸಿಲ್ ಕೆತ್ತಲು ಇಟ್ಟುಕೊಳ್ಳುತ್ತಿದ್ದ ವಸ್ತು. ಅಲಗಿನ ಬುಡದಿಂದ ಹೊರಚಾಚಿದ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುವುದೇ ಅದರ ಅಗುಳಿ. 1960ರಲ್ಲಿ ಸಮಾಜವಾದಿ ನಾಯಕ ಅಸಾನುಮಾ ಇನೆಜಿರೊ ಅವರನ್ನು ವೇದಿಕೆಯ ಮೇಲೆಯೇ ಕೊಂದಾಗ ಬಳಕೆಯಾದದ್ದು ಕಿರುಗತ್ತಿ. ಆದರೆ ಅನಂತರ ಮಕ್ಕಳ ಕೈಗೆ ಚಾಕು ಕೊಡಬಾರದೆಂಬ ಚಳವಳಿ ಎದ್ದು, ಪೆನ್ಸಿಲ್ ಕೆತ್ತುವ ಚಾಕು ಮರೆಯಾಯಿತು. ಬ್ರಿಟನ್ನಿನಲ್ಲಿ 1988ರ ಕಾಯಿದೆ ಮೂರು ಇಂಚಿನೊಳಗಿನ ಮಡಿಚುವ ಚಾಕುವಿಗೆ ವಿನಾಯಿತಿ ಕೊಟ್ಟಿತು. ಅಗುಳಿ ಬಿದ್ದು ನಿಲ್ಲುವ ಚಾಕು ಮಡಿಚುವ ಚಾಕುವೇ ಅಲ್ಲವೆಂದು 1993ರಲ್ಲಿ ಅಲ್ಲಿನ ನ್ಯಾಯಾಲಯ ತೀರ್ಪಿತ್ತಿತು. ಬೆರಳು ಕಾಯುವ ಚಾಕುವಿಗೆ ವಿನಾಯಿತಿ ಇಲ್ಲ, ಕಾಯದ ಚಾಕುವಿಗೆ ಇದೆ!

ಭಾರತದ ಶಸ್ತ್ರಾಸ್ತ್ರ ಕಾಯಿದೆ 1959ರದು. ಅದರಡಿಯ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧಗಳ ಪಟ್ಟಿಗೆ ಸೇರಿಸಿದರೂ, ಮನೆಬಳಕೆ ಮತ್ತು ಬೇಸಾಯಕ್ಕೆಂದು ಮಾಡಿದವನ್ನು ಹೊರಗಿಟ್ಟವು. ಈಳಿಗೆ, ಕುಡುಗೋಲು, ಕೊಡಲಿಗಳು ನೆಮ್ಮದಿಯಿಂದ ಇರುವುದು ಈ ಒಂದು ಮಾತಿನ ಆಸರೆಯಲ್ಲಿ. ವಸ್ತುವಿನ ಆಕಾರಕ್ಕಿಂತ ಅದನ್ನು ಯಾವುದಕ್ಕೆ ಮಾಡಿದ್ದು ಎಂಬುದು ಮುಖ್ಯ ಎಂದು ಕಾನೂನೇ ಒಪ್ಪಿಕೊಂಡ ಹಾಗಾಯಿತು.

ಮಣೆಯೇ ಹಿಡಿಯಾದಾಗ

ಇನ್ನು ಈಳಿಗೆಯತ್ತ ಬರಬಹುದು. ಉತ್ತರ ಕರ್ನಾಟಕದಲ್ಲಿ ಈಳಿಗೆ, ಹಳೆ ಮೈಸೂರಿನಲ್ಲಿ ಈಳಿಗೆಮಣೆ, ಕರಾವಳಿಯಲ್ಲಿ ಮೆಟ್ಟುಕತ್ತಿ, ಕೊಂಕಣಿಗರಿಗೆ ಆದೋಳಿ, ಮರಾಠಿಯಲ್ಲಿ ವಿಳಿ, ತೆಲುಗಿನಲ್ಲಿ ಕತ್ತಿಪೀಟ, ತಮಿಳಿನಲ್ಲಿ ಅರುವಾಮಣೈ, ಬಂಗಾಳದಲ್ಲಿ ಬೊಂಟಿ. ಹೆಸರು ಬೇರೆಯಾದರೂ ಉಪಾಯ ಒಂದೇ: ಚಾಕು ಚಲಿಸುವುದಿಲ್ಲ, ತರಕಾರಿ ಚಲಿಸುತ್ತದೆ. ಮಣೆಯನ್ನು ಕಾಲಿನಿಂದ ಮೆಟ್ಟಿ ಹಿಡಿದರೆ ಎರಡೂ ಕೈ ಖಾಲಿ. ಅದಕ್ಕೇ ಹತ್ತು ಸೇರಿನ ಕುಂಬಳಕಾಯಿಯನ್ನೂ ಎಳೆ ಕೊತ್ತಂಬರಿಯನ್ನೂ ಒಂದೇ ಅಲಗಿನಲ್ಲಿ ಹೆಚ್ಚಬಹುದು. ಮದುವೆ, ಜಾತ್ರೆಗಳ ದೊಡ್ಡ ಅಡುಗೆಗಳನ್ನು ಸಾಲಾಗಿ ಕುಳಿತ ಹೆಂಗಸರು ಸಾಗಿಸಿದ್ದು ಇದರಿಂದಲೇ.

ಅಲಗನ್ನು ಮಣೆಗೆ ಕಾಯಂ ಆಗಿ ಬಡಿದ ಈಳಿಗೆ ಒಂದು ಬಗೆ. ಮಡಿಚುವ ಈಳಿಗೆ ಇನ್ನೊಂದು. ಮಣೆಗೆ ಬಿಗಿದ ಎರಡು ಕಬ್ಬಿಣದ ಕಿವಿಗಳ ನಡುವೆ ಅಲಗಿನ ಬುಡ ಕೂತು, ಅಡ್ಡಲಾಗಿ ಒಂದು ಕೀಲು ಹಾದುಹೋಗುತ್ತದೆ. ಎತ್ತಿ ನಿಲ್ಲಿಸಿದಾಗ ಅಲಗಿನ ಹಿಮ್ಮಡಿ ಮಣೆಗೆ ಆತುಕೊಳ್ಳುತ್ತದೆ. ಕುಳಿತವರ ಕಡೆಗೆ ಅಲಗಿನ ಬಾಯಿ. ಹೆಚ್ಚುವಾಗ ತರಕಾರಿಯನ್ನು ಮುಂದಕ್ಕೆ, ಅಂದರೆ ಮೈಯಿಂದ ಆಚೆಗೆ ತಳ್ಳುತ್ತಾರೆ. ಅಲಗು ಮಡಿಚುವುದು ಕುಳಿತವರ ಕಡೆಗೆ, ಬಾಯಿ ಮಣೆಗೆ ಮುಖಮಾಡಿ. ಆದ್ದರಿಂದ ಹೆಚ್ಚುವ ಒತ್ತಡ ಅಲಗನ್ನು ಮುಚ್ಚುವ ಬದಲು ಹಿಮ್ಮಡಿಯ ತಡೆಗೆ ಇನ್ನಷ್ಟು ಬಿಗಿಯಾಗಿ ಒತ್ತುತ್ತದೆ. ಹಾಲ್‌ಸ್ಟಾಟ್‌ನ ಮೂಳೆಹಿಡಿಯ ಚಾಕುವಿನಲ್ಲಿದ್ದ ಲೆಕ್ಕಾಚಾರವೇ ಇದು. ಒಪ್ಪವಾಗಿ ಹೇಳುವುದಾದರೆ ಈಳಿಗೆ ಎಂಬುದು ಕಾಲಿನಿಂದ ಹಿಡಿಯುವ, ಮಣೆಯನ್ನೇ ಹಿಡಿಯಾಗಿ ಉಳ್ಳ ದೊಡ್ಡ ಮಡಿಚುವ ಚಾಕು.

ಒತ್ತಡ ತಿರುಗುವ ಗಳಿಗೆ ಇಲ್ಲಿಯೂ ಉಂಟು. ಅಲಗಿನಲ್ಲಿ ಸಿಕ್ಕಿಕೊಂಡ ಗಟ್ಟಿ ಕಾಯಿಯನ್ನು ಮೈಯ ಕಡೆಗೆ ಎಳೆದಾಗ ಅಲಗು ಬಗ್ಗಿ ಬರಲು ನೋಡುತ್ತದೆ. ಅಲಗಿನ ತುದಿಯ ತುರಿಮಣೆಯ ಹಲ್ಲಿಗೆ ತೆಂಗಿನ ಹೋಳನ್ನು ಒತ್ತಿದಾಗಲೂ ಸಡಿಲ ಕೀಲು ಅಲುಗಾಡುತ್ತದೆ. ಅದಕ್ಕೆಂದೇ ಕೀಲಿಗೆ ತಿರುಪು ಹಾಕಿ ಬಿಗಿಯುವ ಬಗೆ ಬಂದಿತು. ಕೆಲಸ ಮುಗಿದ ಮೇಲೆ ಈಳಿಗೆಯನ್ನು ಮಲಗಿಸಿಯೇ ಏಳಬೇಕು, ಎತ್ತಿ ನಿಲ್ಲಿಸಿ ಹೋದರೆ ಮನೆಗೆ ಒಳ್ಳೆಯದಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಆ ನಂಬಿಕೆಗೆ ವಿವರಣೆ ಬೇಕಿಲ್ಲ. ಖಂಡೇನವಮಿಯ ದಿನ ಕುಡುಗೋಲು, ಕುರುಪಿಗಳ ಜೊತೆ ಈಳಿಗೆಗೂ ಕುಂಕುಮ ಬೀಳುತ್ತದೆ.

ಗಡಿ ದಾಟಿದ ಅಡಕೊತ್ತು

ಚಂಚಿಯೊಳಗಿನ ಅಡಕೊತ್ತು ಈಳಿಗೆಯ ಸಣ್ಣ ದಾಯಾದಿ. ಒಂದು ತುದಿಯಲ್ಲಿ ಕೀಲು, ಇನ್ನೊಂದು ತುದಿಯಲ್ಲಿ ಕೈಯ ಬಲ, ನಡುವೆ ಅಡಕೆ. ಕೀಲಿಗೆ ಹತ್ತಿರವಾದಷ್ಟೂ ಬಲ ಹೆಚ್ಚುತ್ತದೆ ಎಂಬ ಸನ್ನೆಯ ನಿಯಮ ಗೊತ್ತಿಲ್ಲದ ಅಜ್ಜಿಯೂ ಗಟ್ಟಿ ಗೋಟನ್ನು ಬುಡಕ್ಕೆ ಸರಿಸಿಯೇ ಒತ್ತುತ್ತಾಳೆ. ಕೆಳಗಿನ ತೋಳಿನ ತಳ ಮೊಂಡು, ಮೇಲಿನದು ಮಾತ್ರ ಅಲಗು. ಮುಚ್ಚಿದಾಗ ಅಲಗು ತಳಕ್ಕೆ ಆತುಕೊಳ್ಳುವುದರಿಂದ ಚಂಚಿ ಹರಿಯುವುದಿಲ್ಲ.

ನಿಪ್ಪಾಣಿ ಸೀಮೆಯಲ್ಲಿ ಇದರ ಹೆಸರೇ ಒಂದು ಚರಿತ್ರೆ. ಮರಾಠಿಯಲ್ಲಿ ಅಡಕೆಗೆ ಸುಪಾರಿ ಎನ್ನುತ್ತಾರೆ, ಅದನ್ನು ಕತ್ತರಿಸುವ ಸಾಧನಕ್ಕೆ ಮಾತ್ರ ಅಡಕಿತ್ತಾ. ಕಾಯಿಯ ಹೆಸರು ಬದಲಾದರೂ ಸಾಧನದ ಹೆಸರಿನೊಳಗೆ ಕನ್ನಡದ ‘ಅಡಕೆ’ ಹಾಗೇ ಉಳಿದುಕೊಂಡಿದೆ. ಅತ್ತ ಕನ್ನಡಿಗರು ಬಳಸುವ ‘ಚಾಕು’ ಪಾರಸಿಯ ದಾರಿಯಲ್ಲಿ ಬಂದ ತುರ್ಕಿ ಮೂಲದ ಮಾತು. ತುರ್ಕಿಯಲ್ಲಿ ‘ಚಾಕಿ’ ಎಂದರೆ ಇಂದಿಗೂ ಜೇಬಿನ ಮಡಿಚುವ ಚಾಕು. ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದಲ್ಲಿ ನವಿಲು, ಕುದುರೆ, ದಂಪತಿಗಳ ಆಕಾರದ ಅಡಕಿತ್ತಾಗಳ ಸಾಲನ್ನು ನೋಡಿದವರಿಗೆ, ಒಂದು ಕೀಲಿನ ಸುತ್ತ ಎಷ್ಟು ಕಲ್ಪನೆ ಹೆಣೆಯಬಹುದೆಂದು ತಿಳಿಯುತ್ತದೆ.

ಎಲ್ಲ ಅಲಗಿಗೂ ಕೀಲು ಒಪ್ಪುವುದಿಲ್ಲ. ಅಥಣಿಯ ಚಪ್ಪಲಿ ಹೊಲಿಯುವವರ ರಂಪಿಗೆ ಮಡಿಚುವುದಿಲ್ಲ. ದಪ್ಪ ತೊಗಲನ್ನು ಎಲ್ಲ ದಿಕ್ಕಿಗೂ ಹೊರಳಿಸಿ ಕೊಯ್ಯುವಾಗ ಕೀಲು ನಿಲ್ಲದು. ಕೊಡವರ ಒಡಿಕತ್ತಿಯೂ ಮಡಿಚುವುದಿಲ್ಲ. ಅಗಲವಾದ ಆ ಬತ್ತಲೆ ಅಲಗನ್ನು ನಡುವಿನ ಹಿಂಬದಿಯಲ್ಲಿ ತೊಡಂಗ್ ಎಂಬ ಲೋಹದ ಕೊಂಡಿ ಹಿಡಿದುಕೊಳ್ಳುತ್ತದೆ. ಅಲಗಿಗೆ ಹಾಕಬೇಕಾದ ಅಗುಳಿಯನ್ನು ಅವರು ನಡುಪಟ್ಟಿಗೆ ಹಾಕಿದರು.

ಉಳಿಯುವುದು ಯಾವುದು?

ನಿಂತು ಅಡುಗೆ ಮಾಡುವ ಕಟ್ಟೆ ಬಂದಂದಿನಿಂದ ಈಳಿಗೆ ಮೂಲೆ ಸೇರುತ್ತಿದೆ. ನೆಲದಲ್ಲಿ ಕೂತು ಏಳಲು ಮಂಡಿ ಒಪ್ಪದವರಿಗೆ ಅದನ್ನು ಬಳಸಿರೆಂದು ಹೇಳುವುದು ನ್ಯಾಯವೂ ಅಲ್ಲ. ಗಂಟೆಗಟ್ಟಲೆ ಬಗ್ಗಿ ಕೂತ ಬೆನ್ನಿನ ನೋವನ್ನು ಮರೆತು ಹಳೆಯದನ್ನು ಹೊಗಳುವುದು ಸುಲಭ. ಕಟ್ಟೆಯ ಅಂಚಿಗೆ ತಿರುಪಿನಿಂದ ಬಿಗಿಯುವ ಈಳಿಗೆ ಬಂದದ್ದು ಈ ಬದಲಾವಣೆಗೆ ಕುಶಲಕರ್ಮಿಗಳು ಕೊಟ್ಟ ಉತ್ತರ.

ಆದರೆ ಲೆಕ್ಕ ಬರೆಯುವಾಗ ಒಂದು ತಪ್ಪು ನಡೆದಿದೆ. ಒಪಿನೆಲ್, ಎಲ್ಸ್‌ನರ್, ವಾಕರ್ ಇವರ ಹೆಸರುಗಳು, ಅವರು ಕಂಡುಹಿಡಿದ ವರ್ಷಗಳು ದಾಖಲೆಯಲ್ಲಿವೆ. ಈಳಿಗೆಗೆ ಕೀಲು ಹಾಕಿದ ಕಂಬಾರನ ಹೆಸರಿಲ್ಲ. ಅಲಗು ಯಾವ ಕಡೆ ಮಡಿಚಬೇಕೆಂದು ಅವನಿಗೆ ಹೇಳಿದ ಹೆಂಗಸಿನ ಹೆಸರಂತೂ ಇಲ್ಲವೇ ಇಲ್ಲ. ಜೇಬಿನಲ್ಲಿ ಇರುವ ಚಾಕು ಇತಿಹಾಸಕ್ಕೆ ಸೇರಿತು, ಕಾನೂನಿಗೂ ಸಿಕ್ಕಿತು. ಮಣೆಯ ಮೇಲಿನ ಚಾಕು ಎರಡರಿಂದಲೂ ತಪ್ಪಿಸಿಕೊಂಡಿತು. ಕಾನೂನಿನಿಂದ ತಪ್ಪಿಸಿಕೊಂಡದ್ದು ಒಳ್ಳೆಯದೇ. ಇತಿಹಾಸದಿಂದ ತಪ್ಪಿಸಿಕೊಂಡದ್ದು ನಷ್ಟ.

ಆ ನಷ್ಟವನ್ನು ತುಂಬುವ ಕೆಲಸ ದೊಡ್ಡದೇನಲ್ಲ. ಅಟ್ಟದ ಮೇಲಿನ ಹಳೆಯ ಈಳಿಗೆಯನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಬಹುದು. ಕೀಲು ಎಲ್ಲಿದೆ, ತಡೆ ಎಲ್ಲಿದೆ, ಯಾವ ಕಡೆ ಮಡಿಚುತ್ತದೆ, ಅಲಗು ಸವೆದದ್ದು ಎಲ್ಲಿ ಎಂದು ಗಮನಿಸಿ, ಅದನ್ನು ಬಳಸಿದವರು ಇನ್ನೂ ಮನೆಯಲ್ಲಿದ್ದರೆ ಕೇಳಿ ಬರೆದಿಡಬಹುದು. ಕೀಲು ಸಡಿಲವಾಗಿದ್ದರೆ ಕಂಬಾರ ಎರಡು ಪೆಟ್ಟಿನಲ್ಲಿ ಬಿಗಿದುಕೊಡುತ್ತಾನೆ. ಅದನ್ನು ಬಳಸುವ ಕೈಯ ತಿಳಿವಳಿಕೆ ಒಮ್ಮೆ ಸಡಿಲವಾದರೆ ಬಿಗಿಯಲು ಅಂಥ ಪೆಟ್ಟು ಇಲ್ಲ.